ದುಂಡು ಜೊಂಡು

ಲಾನ್‌ರಿಡಿಯನ್ ಊರಿನ ಕೆಳಗೆ, ಇಳಿತದ ಹೊತ್ತು.
ಸಮುದ್ರ ಎಲ್ಲೋ ದೂರ ಹೋಗಿ ಕೂತಿದೆ,
ತನ್ನ ಕಾಲುವೆಗಳನ್ನು ಕೆಸರಲ್ಲೇ ಮರೆತು.
ಎನಿಡ್ ಪ್ರಾಸರ್ ಮಂಡಿಯೂರಿದ್ದಾಳೆ.
ವಯಸ್ಸು ಎಪ್ಪತ್ತೊಂದು, ಕಣ್ಣ ನಡುವೆ ಮಬ್ಬು,
ಅಂಚಿನಲ್ಲಷ್ಟೇ ಲೋಕ.
ನಾನು ಅವಳ ಪೆನ್ಸಿಲ್ಲು.

ಮೀಟರಗಲದ ತಂತಿಯ ಚೌಕ ಎಸೆದು
ಒಳಗೆ ಬಿದ್ದದ್ದನ್ನೆಲ್ಲ ಎಣಿಸುವುದು ಕೆಲಸ.
ಒಂದು ಕಡ್ಡಿಯನ್ನು ಎರಡು ಬೆರಳ ನಡುವೆ ಹಿಡಿದು
ಹೊಸೆಯುತ್ತಾಳೆ, ದೀಪದ ಬತ್ತಿ ಹೊಸೆದ ಹಾಗೆ.
ತಡೆಯದೆ ತಿರುಗಿದರೆ ಜೊಂಡು.
ಮೂರು ಸಲ ತಡೆದರೆ
ಅದು ಬೇರೆ ಮನೆತನ.

ಮರೆಯದಿರಲೆಂದು ನನ್ನ ಭಾಷೆಯಲ್ಲೊಂದು ಸಾಲು ಕಟ್ಟಿಕೊಂಡೆ:
ತುಂಗೆಗೆ ಮೂಲೆ, ಹುಲ್ಲಿಗೆ ಗೆಣ್ಣು,
ಜೊಂಡಿಗೆ ಬರೀ ದುಂಡು.
‘ಏನು ಗೊಣಗುತ್ತಿದ್ದೀ?’
ಹೇಳಿದೆ. ಅವಳೂ ಹೇಳಿದಳು, ‘ಡಂಡೂ ಜಂಡೂ’ ಎಂದು, ಜೋರಾಗಿ.
ಮೇಯುತ್ತಿದ್ದ ಕುದುರೆಮರಿ ತಲೆಯೆತ್ತಿ ನೋಡಿತು.

ಹೂಗೊಂಚಲು ಕಾಂಡದ ಪಕ್ಕದಿಂದ ಹೊರಟಿತ್ತು.
ಹಾಗೆಂದೇ ಬರೆದೆ. ಅಳಿಸು, ಅಂದಳು.
ಕಾಂಡ ಮುಗಿದದ್ದು ಇಲ್ಲಿ, ಗೊಂಚಲಿನ ಬುಡದಲ್ಲಿ;
ಮೇಲಕ್ಕೆ ಹೋದದ್ದು ಒಂದು ಎಲೆ,
ಕಾಂಡದ ವೇಷ ಹಾಕಿ ನೆಟ್ಟಗೆ ನಿಂತು
ತುದಿಯಲ್ಲಿ ಮುಳ್ಳು ಮಸೆದಿದೆ.
ನನ್ನ ತೋರುಬೆರಳನ್ನು ಹಿಡಿದು ಸಂದಿಗೆ ಇಟ್ಟಳು.
ಕೂದಲೆಳೆಯಷ್ಟು ಸೀಳು.
ಕಣ್ಣಿಗೆ ಒಂದೇ ಆಗಿದ್ದದ್ದು
ಬೆರಳಿಗೆ ಎರಡಾಯಿತು.

ಹೂವನ್ನು ನಾನು ಲೆನ್ಸಿನಲ್ಲಿ ಓದಿ ಹೇಳಿದೆ:
ಎಸಳು ಆರು, ಕೇಸರ ಆರು, ನಡುವೆ ನಸುಗೆಂಪು ಎಳೆ ಮೂರು,
ಥೇಟು ಲಿಲ್ಲಿಯ ಲೆಕ್ಕ, ಸಾಸಿವೆಯಷ್ಟು ಗಾತ್ರದಲ್ಲಿ,
ಒಣಹುಲ್ಲಿನ ಬಣ್ಣದಲ್ಲಿ.
ಗಾಳಿಗೆ ಕಣ್ಣಿಲ್ಲವಲ್ಲ, ಸಿಂಗಾರ ಯಾರಿಗೆ?
ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.
ಅವಳು ಮುಖ ತಿರುಗಿಸಲೂ ಇಲ್ಲ.
‘ಗಾಳಿಗೆ ಕೈ ಇದೆ’ ಅಂದಳು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಇಲ್ಲಿ ನೀರು ಕುಡಿದರೇ ಉಪ್ಪು.
ನೀರಲ್ಲಿ ನಿಂತು ಬಾಯಾರಿದ ಗಿಡ ಏನು ಮಾಡೀತು?
ಬೇರಿನ ಹೊಸ್ತಿಲಲ್ಲಿ ಆದಷ್ಟು ತಡೆಯುತ್ತದೆ,
ನುಸುಳಿದ್ದನ್ನು ಹಿಂದಿನ ಕೋಣೆಗೆ ತಳ್ಳಿ ಚಿಲಕ ಹಾಕುತ್ತದೆ,
ಮುಂದಿನ ಕೋಣೆಯಲ್ಲಿ ತಾನೇ ಕಾಯಿಸಿದ ಸಾರು ಇಡುತ್ತದೆ,
ನೀರು ತಾನಾಗಿ ಒಳಗೆ ಬರುವಷ್ಟು ಗಟ್ಟಿ.
ಕೆಸರಿಗೋ ಉಸಿರೇ ಇಲ್ಲ. ಕಪ್ಪು. ಕೊಳೆತ ಮೊಟ್ಟೆಯ ನಾತ.
ಅದಕ್ಕೇ ಒಳಗೆಲ್ಲ ಬಿಳಿಯ ಬೆಂಡು, ಗಾಳಿಗೂಡು,
ಒಂದಿಷ್ಟು ಆಕಾಶವನ್ನು ಕೆಳಕ್ಕೆ ಇಳಿಸುವ ಏರ್ಪಾಡು.
ಎನಿಡ್ ಒಂದು ಬೇರನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟಳು:
ಸುತ್ತ ಮೆತ್ತಿದ ಕೆಸರು ತುಕ್ಕು ಹಿಡಿದು ಕೆಂಪಾಗಿತ್ತು,
ಉಸಿರು ಸೋರಿದ ಜಾಗದಲ್ಲೆಲ್ಲ.

ಕೊನೆಯ ಚೌಕ. ಕಣ್ಣು ಮುಚ್ಚಿಕೊಂಡು
ಗಿಡ್ಡನೆಯದೊಂದನ್ನು ನಾನೇ ಹೊಸೆದೆ.
ಬುಡದಲ್ಲಿ ಸಲೀಸಾಗಿ ತಿರುಗಿತು.
ಮೇಲೆ, ಹೂವಿನ ಹತ್ತಿರ,
ತಡೆಯಿತೋ, ತಡೆದಂತೆ ಮಾಡಿತೋ.
ಮೂಲೆಯಲ್ಲ. ಮೂಲೆಯ ಅನುಮಾನ.

ಹಿಂದಿನ ಕಾಲುವೆಯಲ್ಲಿ ಭರತದ ಮೊದಲ ನಾಲಿಗೆ
ಸದ್ದಿಲ್ಲದೆ ಬಂದು ನನ್ನ ಬೂಟು ಮುಟ್ಟಿತು.
‘ಜೊಂಡೇ’ ಅಂದಳು, ‘ಎಲ್ಲವೂ ಪೂರ್ತಿ ದುಂಡಗಿರುವುದಿಲ್ಲ.
ನಿನ್ನ ಪದ್ಯ ತಿದ್ದು. ಮೊದಲು ಚೀಲ ಎತ್ತು.’

ಕಾರಿನವರೆಗೂ ತಿದ್ದುತ್ತ ಬಂದೆ.
ದುಂಡು, ಒಂದಿಷ್ಟು ದುಂಡು, ಬಹುಪಾಲು ದುಂಡು.
ಯಾವುದೂ ಲಯಕ್ಕೆ ಕೂರುತ್ತಿಲ್ಲ.
ತುಟಿ ನೆಕ್ಕಿಕೊಂಡರೆ ಉಪ್ಪು.